ದೆವ್ವಕ್ಕೂ ಒಂದು ಜಾಗ ಬೇಕು

ಒಂದು ಪ್ರಯೋಗ ಮಾಡಿ ನೋಡಿ. ನಿಮ್ಮನ್ನ ತುಂಬಾ ಹೆದರಿಸಿದ ದೆವ್ವದ ಸಿನಿಮಾ ಯಾವುದೋ ಒಂದು ಇರತ್ತಲ್ಲ, ಅದನ್ನ ಭಾನುವಾರ ಮಧ್ಯಾಹ್ನ ಊಟ ಮಾಡ್ತಾ ಮೊಬೈಲ್‌ನಲ್ಲಿ ಹಾಕ್ಕೊಳ್ಳಿ. ಒಳಗೆ ಕುಕ್ಕರ್ ಸೀಟಿ ಹೊಡೀತಿರಲಿ, ಹೊರಗೆ ತರಕಾರಿ ಗಾಡಿಯವನು ಕೂಗ್ತಿರಲಿ. ದೆವ್ವ ಬಂದಾಗ ನಿಮಗೆ ನಗು ಬರತ್ತೆ. ಅದೇ ಸಿನಿಮಾವನ್ನ ಅಮಾವಾಸ್ಯೆ ರಾತ್ರಿ, ಊರಾಚೆಯ ಪಾಳುಬಂಗಲೆಯ ಗೋಡೆ ಮೇಲೆ ಬಿಟ್ಟು, ನಿಮ್ಮನ್ನ ಚಾಪೆ ಮೇಲೆ ಕೂರಿಸಿದರೆ? ಚಿತ್ರದ ಒಂದು ಫ್ರೇಮೂ ಬದಲಾಗಿಲ್ಲ. ಆದರೂ ನೀವು ಹಿಂದೆ ತಿರುಗಿ ನೋಡ್ತೀರಿ.

ಜಗತ್ತಿನಲ್ಲಿ ಈಗ ಇದೊಂದು ದೊಡ್ಡ ಹವ್ಯಾಸ. ಹಾರರ್ ಸಿನಿಮಾವನ್ನ ಥಿಯೇಟರ್ ಬಿಟ್ಟು ಬೇರೆಲ್ಲೋ ಹೋಗಿ ನೋಡೋದು. ಸ್ಮಶಾನ, ಚರ್ಚು, ನೆಲಮಾಳಿಗೆ, ಕೆರೆ. ಅಮೆರಿಕದ ಟೆಕ್ಸಾಸ್‌ನಲ್ಲಿ 'ಜಾಸ್' ಸಿನಿಮಾವನ್ನ ಸರೋವರದಲ್ಲಿ ರಬ್ಬರ್ ಟ್ಯೂಬ್ ಮೇಲೆ ತೇಲ್ತಾ ನೋಡ್ತಾರೆ. ಪರದೆ ಮೇಲೆ ಶಾರ್ಕ್, ನಿಮ್ಮ ಕಾಲು ನೀರಿನೊಳಗೆ. ಹುಚ್ಚು ಅನ್ನಿಸಬಹುದು. ಆದರೆ ಈ ಹುಚ್ಚಿಗೆ ನೂರು ವರ್ಷದ ಇತಿಹಾಸ ಇದೆ.

1922ರ ಮಾರ್ಚ್ 4ರಂದು ಬರ್ಲಿನ್‌ನಲ್ಲಿ ಮುರ್ನಾವ್ ನಿರ್ದೇಶನದ ಮೂಕಿ ಚಿತ್ರ 'ನೊಸ್ಫೆರಾಟು' ಮೊದಲ ಬಾರಿಗೆ ಅದ್ಧೂರಿಯಾಗಿ ಪ್ರದರ್ಶನವಾಯ್ತು. ಎಲ್ಲಿ ಅಂತೀರಿ? ಥಿಯೇಟರ್‌ನಲ್ಲಿ ಅಲ್ಲ, ಬರ್ಲಿನ್ ಪ್ರಾಣಿಸಂಗ್ರಹಾಲಯದ ಅಮೃತಶಿಲೆಯ ಸಭಾಂಗಣದಲ್ಲಿ! ಬರುವವರು ಹತ್ತೊಂಬತ್ತನೇ ಶತಮಾನದ ಹಳೇ ವೇಷ ಹಾಕ್ಕೊಂಡು ಬನ್ನಿ ಅಂತ ಆಹ್ವಾನ. ಅಂದರೆ ರಕ್ತ ಹೀರುವ ಪ್ರೇತ ಪರದೆ ಮೇಲೆ ಬರೋ ಮುಂಚೆಯೇ ಪ್ರೇಕ್ಷಕರನ್ನ ಪ್ರೇತದ ಕಾಲಕ್ಕೆ ಕರ್ಕೊಂಡು ಹೋಗುವ ತಯಾರಿ ಅದು. ಆಮೇಲೆ 'ಡ್ರಾಕುಲಾ' ಕಾದಂಬರಿ ಬರೆದ ಬ್ರಾಮ್ ಸ್ಟೋಕರ್ ಅವರ ಹೆಂಡತಿ, ನಮ್ಮ ಕಥೆ ಕದ್ದಿದ್ದಾರೆ ಅಂತ ಕೇಸ್ ಹಾಕಿದ್ರು. 1925ರಲ್ಲಿ ಎಲ್ಲಾ ಪ್ರಿಂಟ್ ನಾಶ ಮಾಡಿ ಅಂತ ಕೋರ್ಟ್ ಆದೇಶ ಆಯ್ತು. ಕೆಲವು ಪ್ರಿಂಟ್ ಉಳಿದುಕೊಂಡವು. ಪ್ರೇತ ಅಲ್ವಾ, ಅಷ್ಟು ಸುಲಭಕ್ಕೆ ಸಾಯಲಿಲ್ಲ.

ಅದೇ ಸಿನಿಮಾ ಇವತ್ತು ಪಾಶ್ಚಾತ್ಯ ದೇಶಗಳ ದೊಡ್ಡ ದೊಡ್ಡ ಚರ್ಚುಗಳಲ್ಲಿ ನಡೆಯತ್ತೆ. ಮೂಕಿ ಚಿತ್ರ ಆದ್ದರಿಂದ ಮಾತಿಲ್ಲ. ಚರ್ಚಿನ ಪೈಪ್ ಆರ್ಗನ್ ಅನ್ನೇ ನುಡಿಸ್ತಾರೆ. ನ್ಯೂಯಾರ್ಕ್‌ನ ಸೇಂಟ್ ಜಾನ್ ದಿ ಡಿವೈನ್ ಕೆಥೆಡ್ರಲ್‌ನಲ್ಲಿ ಹ್ಯಾಲೋವೀನ್ ಹೊತ್ತಿಗೆ ಇಂಥ ಪ್ರದರ್ಶನ ಮಾಡೋದು ಹಳೇ ಪದ್ಧತಿ. ಇಲ್ಲೊಂದು ಸ್ವಾರಸ್ಯ ಇದೆ, ಸ್ವಲ್ಪ ಬಿಡಿಸಿ ಹೇಳ್ತೀನಿ. ದೊಡ್ಡ ಆರ್ಗನ್‌ಗಳಲ್ಲಿ 32 ಅಡಿ ಉದ್ದದ ಕೊಳವೆಗಳಿರ್ತವೆ. ಅದರ ಅತ್ಯಂತ ಕೆಳಗಿನ ಸ್ವರ ಸೆಕೆಂಡಿಗೆ ಸುಮಾರು 16 ಕಂಪನ. ಮನುಷ್ಯನ ಕಿವಿ ಕೇಳೋದು ಹೆಚ್ಚುಕಮ್ಮಿ 20ರಿಂದ ಮೇಲೆ. ಅಂದರೆ ಆ ಸ್ವರ ಕಿವಿಗಿಂತ ಮೊದಲು ಎದೆಗೆ, ಹೊಟ್ಟೆಗೆ, ಕೂತ ಬೆಂಚಿಗೆ ತಟ್ಟತ್ತೆ. ನಮ್ಮ ಊರ ಜಾತ್ರೆಯಲ್ಲಿ ದೊಡ್ಡ ನಗಾರಿಯ ಪಕ್ಕ ನಿಂತವರಿಗೆ ಇದು ಗೊತ್ತು.

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ವಿಕ್ ಟ್ಯಾಂಡಿ ಅಂತ ಒಬ್ಬ ಇಂಜಿನಿಯರ್ ಇದ್ದರು. ಅವರ ಪ್ರಯೋಗಾಲಯದಲ್ಲಿ ದೆವ್ವ ಇದೆ ಅಂತ ಸುದ್ದಿ. ಒಂದು ರಾತ್ರಿ ಅವರಿಗೂ ಮೈ ಬೆವರಿತು, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕೃತಿ ಕಂಡಿತು. ತಿರುಗಿದರೆ ಯಾರೂ ಇಲ್ಲ. ಮಾರನೇ ದಿನ ಕತ್ತಿವರಸೆಯ ಕತ್ತಿಯೊಂದನ್ನ ಅಲ್ಲಿ ಹಿಡಿಕೆಗೆ ಸಿಕ್ಕಿಸಿಟ್ಟಾಗ ಅದು ತಾನಾಗೇ ನಡುಗೋಕೆ ಶುರುವಾಯ್ತು. ಹುಡುಕ್ತಾ ಹೋದರೆ ಸಿಕ್ಕಿದ್ದು ಹೊಸದಾಗಿ ಹಾಕಿದ್ದ ಒಂದು ಫ್ಯಾನು! ಅದರಿಂದ ಸುಮಾರು 19 ಕಂಪನದ ಶಬ್ದ, ಕಿವಿಗೆ ಕೇಳದ ಶಬ್ದ, ಬರ್ತಿತ್ತು. 1998ರಲ್ಲಿ ಅವರು ಇದನ್ನ ಪ್ರಬಂಧವಾಗಿ ಪ್ರಕಟಿಸಿದರು. ಎಲ್ಲಾ ದೆವ್ವಕ್ಕೂ ಫ್ಯಾನೇ ಕಾರಣ ಅಂತ ಯಾವ ವಿಜ್ಞಾನಿಯೂ ಹೇಳಲ್ಲ, ನಾನೂ ಹೇಳಲ್ಲ. ಆದರೆ ಜಾಗವೊಂದು ನಮಗೆ ಗೊತ್ತಾಗದ ಹಾಗೆ ನಮ್ಮ ಮೈ ಮೇಲೆ ಕೆಲಸ ಮಾಡಬಹುದು ಅನ್ನೋದಂತೂ ನಂಬುವ ಮಾತೇ. ಟಿವಿಯವರಿಗೆ ಇದು ಚೆನ್ನಾಗಿ ಗೊತ್ತು ಸ್ವಾಮಿ. ಪಾಳುಬಂಗಲೆಯ ದೃಶ್ಯ ತೋರಿಸುವಾಗ ಹಿಂದೆ 'ಧುಂ' ಅಂತ ಹಾಕ್ತೀವಲ್ಲ, ಯಾಕೆ? ನಿಮ್ಮ ಹಾಲ್‌ನಲ್ಲಿ ಟ್ಯೂಬ್‌ಲೈಟ್ ಉರೀತಿರತ್ತೆ. ಆ ಬೆಳಕನ್ನ ಸೋಲಿಸಬೇಕಲ್ಲ!

ದೇಹಕ್ಕೆ ಇನ್ನೊಂದು ಗುಣ ಇದೆ. ಅದು ಕಾರಣವನ್ನ ಅದಲುಬದಲು ಮಾಡ್ಕೊಳ್ಳತ್ತೆ. ಕೆನಡಾದ ವ್ಯಾಂಕೂವರ್ ಹತ್ತಿರ ಕ್ಯಾಪಿಲಾನೋ ಅಂತ ಒಂದು ತೂಗುಸೇತುವೆ. ಕೆಳಗೆ ಸುಮಾರು 230 ಅಡಿ ಆಳದ ಕಣಿವೆ. 1974ರಲ್ಲಿ ಡಟನ್ ಮತ್ತು ಆರನ್ ಅನ್ನುವ ಮನಶ್ಶಾಸ್ತ್ರಜ್ಞರು ಅಲ್ಲೊಂದು ಪ್ರಯೋಗ ಮಾಡಿದರು. ಓಲಾಡುವ ಆ ಸೇತುವೆ ಮೇಲೆ ಬಂದ ಗಂಡಸರನ್ನ ಒಬ್ಬ ಯುವತಿ ಮಾತಾಡಿಸಿ, ಕೆಲವು ಪ್ರಶ್ನೆ ಕೇಳಿ, ತನ್ನ ಫೋನ್ ನಂಬರ್ ಕೊಟ್ಟಳು. ಗಟ್ಟಿಯಾದ, ತಗ್ಗಾದ ಇನ್ನೊಂದು ಸೇತುವೆ ಮೇಲೂ ಹೀಗೇ ಮಾಡಿದಳು. ತೂಗುಸೇತುವೆಯಲ್ಲಿ ನಂಬರ್ ತಗೊಂಡವರಲ್ಲಿ ಅರ್ಧದಷ್ಟು ಜನ ಆಮೇಲೆ ಫೋನ್ ಮಾಡಿದರು. ಗಟ್ಟಿ ಸೇತುವೆಯವರಲ್ಲಿ ಮಾಡಿದ್ದು ಒಬ್ಬಿಬ್ಬರು. ಎದೆ ಬಡಿದಿದ್ದು ಎತ್ತರಕ್ಕೆ, ಲೆಕ್ಕ ಬರೆದಿದ್ದು ಹುಡುಗಿಯ ಹೆಸರಲ್ಲಿ. ಪಾಳುಬಂಗಲೆಯಲ್ಲೂ ಇದೇ ಆಗೋದು. ಚಳಿಗೆ ಮೈ ಜುಮ್ ಅನ್ನತ್ತೆ, ಕತ್ತಲಲ್ಲಿ ಕಿವಿ ನಿಮಿರತ್ತೆ, ಬಾವಲಿ ಹಾರಿದರೆ ಎದೆ ಡವಗುಟ್ಟತ್ತೆ. ಇದನ್ನೆಲ್ಲ ಸೇರಿಸಿ ನಾವು ನಿರ್ದೇಶಕನ ಖಾತೆಗೆ ಹಾಕ್ತೀವಿ. "ಏನ್ ಸಿನಿಮಾ ಗುರೂ!" ಅಂತೀವಿ.

ಹಾಗೆ ನೋಡಿದರೆ ನಮ್ಮ ಹಳ್ಳಿಯವರಿಗೆ ಇದೆಲ್ಲ ಹೊಸದಲ್ಲ. ಟೆಂಟ್ ಸಿನಿಮಾ ನೆನಪಿದೆಯಾ? ನೆಲ, ಬೆಂಚು, ಕುರ್ಚಿ. ಘಂಟಸಾಲ ಅವರ 'ನಮೋ ವೆಂಕಟೇಶ' ಹಾಕಿದರೆ ಆಟ ಶುರು ಅಂತ ಊರೆಲ್ಲ ಓಡೋದು. ನಾನು ಅನಂತನಾಗ್, ಲಕ್ಷ್ಮಿ ಅಭಿನಯದ 'ನಾ ನಿನ್ನ ಬಿಡಲಾರೆ' ನೋಡಿದ್ದು ಟೆಂಟ್‌ನಲ್ಲೇ. 1979ರ ಚಿತ್ರ. ನಮ್ಮೂರ ಕಡೆ ಬರೋ ಹೊತ್ತಿಗೆ ಎಷ್ಟೋ ವರ್ಷ ಆಗಿತ್ತು, ಪ್ರಿಂಟ್ ಮೇಲೆ ಮಳೆ ಸುರಿದ ಹಾಗೆ ಗೆರೆ. ರೀಲ್ ಬದಲಾಯಿಸುವಾಗ ದೀಪ ಹಾಕಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಸುಮ್ಮನೆ ನಗೋರು. ಟೆಂಟಿನ ಬಟ್ಟೆ ಗಾಳಿಗೆ ಪಟಪಟ ಅಂದರೂ ಹಿಂದೆ ಯಾರೋ ನಿಂತ ಹಾಗೆ. ಅಸಲಿ ಸಿನಿಮಾ ಶುರುವಾಗ್ತಿದ್ದದ್ದು ಆಮೇಲೆ, ಸೆಕೆಂಡ್ ಶೋ ಬಿಟ್ಟು ಎರಡು ಮೈಲಿ ನಡೆದು ಮನೆ ಸೇರಬೇಕಿತ್ತಲ್ಲ, ಆಗ. ದಾರಿಯಲ್ಲಿ ಹುಣಸೆಮರ. ಅಲ್ಲಿಗೆ ಬಂದಾಗ ದೊಡ್ಡವರೂ ಜೋರಾಗಿ ಮಾತಾಡೋಕೆ ಶುರು ಮಾಡೋರು. ಮಳೆ, ಬೆಳೆ, ಹಸುವಿನ ರೇಟು, ಏನೋ ಒಂದು.

ನಮ್ಮ ದೆವ್ವಗಳಿಗೆ ಯಾವಾಗಲೂ ವಿಳಾಸ ಇರತ್ತೆ ನೋಡಿ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದಿದ್ದರು. ರಾತ್ರಿ ಬಂದು ನಿಮ್ಮವರ ದನಿಯಲ್ಲೇ ಕೂಗ್ತಾಳೆ, ಬಾಗಿಲು ತೆಗೆದರೆ ಮುಗೀತು ಅನ್ನುವ ಸುದ್ದಿ. ಆ ಭಯಕ್ಕೆ ಟಿಕೆಟ್ ಬೇಕಿರಲಿಲ್ಲ, ಅವರವರ ಬಾಗಿಲೇ ಪರದೆ. 2018ರ ಹಿಂದಿ ಚಿತ್ರ 'ಸ್ತ್ರೀ' ಹುಟ್ಟಿದ್ದು ಇದೇ ವದಂತಿಯಿಂದ.

ಇನ್ನು ಸ್ಮಶಾನಕ್ಕೆ ಬರೋಣ. ಸ್ಮಶಾನದಲ್ಲಿ ಸಿನಿಮಾ ಅಂದರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಕೋಪ ಬರತ್ತೆ, ಸತ್ತವರಿಗೆ ಮರ್ಯಾದೆ ಇಲ್ವಾ ಅಂತ. ನ್ಯಾಯವಾದ ಪ್ರಶ್ನೆ. ಲಾಸ್ ಏಂಜಲಿಸ್‌ನ ಹಾಲಿವುಡ್ ಫಾರೆವರ್ ಸ್ಮಶಾನದ ಕಥೆ ಕೇಳಿ. 1899ರಲ್ಲಿ ಶುರುವಾದದ್ದು. ಮೂಕಿ ಯುಗದ ದೊಡ್ಡ ನಟ ರುಡಾಲ್ಫ್ ವ್ಯಾಲೆಂಟಿನೊ ಅವರ ಸಮಾಧಿ ಅಲ್ಲಿದೆ. ತೊಂಬತ್ತರ ದಶಕದಲ್ಲಿ ಅದು ದಿವಾಳಿ ಎದ್ದು ಹಾಳುಬಿದ್ದಿತ್ತು. 1998ರಲ್ಲಿ 3 ಲಕ್ಷ 75 ಸಾವಿರ ಡಾಲರ್‌ಗೆ ಹೊಸ ಮಾಲೀಕರು ಕೊಂಡು ದುರಸ್ತಿ ಮಾಡಿದರು. 2002ರಿಂದ ಅಲ್ಲಿ ಸಿನಿಸ್ಪಿಯಾ ಅನ್ನುವ ಸಂಸ್ಥೆ ಬೇಸಿಗೆಯಲ್ಲಿ ಸಿನಿಮಾ ತೋರಿಸ್ತಿದೆ. ಸಮಾಧಿ ಭವನದ ಹೊರಗೋಡೆಯೇ ಪರದೆ. ಜನ ಕೂರೋದು ಗೋರಿಗಳ ಮೇಲಲ್ಲ, ಪಕ್ಕದ ಹುಲ್ಲುಹಾಸಿನ ಮೇಲೆ. ಕಂಬಳಿ ಹಾಸ್ಕೊಂಡು, ಬುತ್ತಿ ಬಿಚ್ಕೊಂಡು. ಯಾರೂ ಬರದೆ ಮುಳ್ಳುಕಂಟಿ ಬೆಳೆದ ಸ್ಮಶಾನಕ್ಕಿಂತ ಇದು ಸತ್ತವರಿಗೆ ಹೆಚ್ಚು ಮರ್ಯಾದೆ ಅಂತ ನನಗನ್ನಿಸತ್ತೆ. ನೀವು ಒಪ್ಪದೇ ಇರಬಹುದು. ಆದರೆ ಇತ್ತೀಚೆಗೆ ಸಾವಾದ ಮನೆಯವರು ಬಂದು ಕಣ್ಣೀರು ಹಾಕುವ ಜಾಗದಲ್ಲಿ, ಜನ ನಿಜವಾಗಿ ನರಳಿದ ಆಸ್ಪತ್ರೆಯ ವಾರ್ಡ್‌ನಲ್ಲಿ 'ಎಫೆಕ್ಟ್' ಸಿಗತ್ತೆ ಅಂತ ಪರದೆ ಕಟ್ಟೋದಕ್ಕೆ ನನ್ನ ಒಪ್ಪಿಗೆ ಇಲ್ಲ. ನಮ್ಮ ಬೆಳಗಾವಿಯಲ್ಲಿ ಇದರ ಉಲ್ಟಾ ನಡೆಯತ್ತೆ. ಸತೀಶ ಜಾರಕಿಹೊಳಿ ಅವರು 2014ರ ಡಿಸೆಂಬರ್ 6ರಂದು, ಅಂಬೇಡ್ಕರ್ ಪರಿನಿರ್ವಾಣದ ದಿನ, ಸದಾಶಿವನಗರದ ಸ್ಮಶಾನದಲ್ಲೇ ಊಟ ಮಾಡಿ ರಾತ್ರಿ ಕಳೆದರು. ಅಲ್ಲಿ ಜನ ಸೇರೋದು ಭಯ ಪಡೋಕಲ್ಲ, ಬಿಡೋಕೆ.

ಹಾಗಾದರೆ ಭಯ ಎಷ್ಟಿರಬೇಕು? ಡೆನ್ಮಾರ್ಕ್‌ನ ಆರ್ಹಸ್ ವಿಶ್ವವಿದ್ಯಾಲಯದವರು ಇದನ್ನ ಅಳತೆ ಮಾಡಿದ್ದಾರೆ. ವೇಲೆ ಅನ್ನುವ ಊರಿನ ಒಂದು ಭೂತದ ಮನೆಗೆ 110 ಜನರನ್ನ ಎದೆಬಡಿತ ಅಳೆಯುವ ಯಂತ್ರ ಕಟ್ಟಿ ಕಳಿಸಿದರು. 2020ರಲ್ಲಿ ಫಲಿತಾಂಶ ಪ್ರಕಟವಾಯ್ತು. ಭಯ ಕಮ್ಮಿಯಾದರೂ ಮಜಾ ಇಲ್ಲ, ಅತಿಯಾದರೂ ಮಜಾ ಇಲ್ಲ. ನಡುವೆ ಒಂದು ಹದ ಇದೆ, ಒಗ್ಗರಣೆಗೆ ಇರುವ ಹಾಗೆ. ಆ ಹದ ಕಾಯೋದು ಯಾರು? ಒಂದು, ಪಕ್ಕದಲ್ಲಿ ಕೂತ ಜನ. 2008ರಲ್ಲಿ ರಾಮ್‌ಗೋಪಾಲ್ ವರ್ಮಾ ನಮ್ಮ ಸುದೀಪ್ ಅವರನ್ನ ಹಿಂದಿಗೆ ಕರೆದುಕೊಂಡು ಹೋಗಿ 'ಫೂಂಕ್' ಮಾಡಿದಾಗ, ಈ ಸಿನಿಮಾವನ್ನ ಥಿಯೇಟರ್‌ನಲ್ಲಿ ಒಬ್ಬರೇ ಕೂತು ನೋಡಿದರೆ 5 ಲಕ್ಷ ಕೊಡ್ತೀನಿ ಅಂದಿದ್ದರು. ಪ್ರಚಾರದ ಗಿಮಿಕ್ಕೇ, ಇರಲಿ. ಆದರೆ ಆತನಿಗೆ ಒಂದು ವಿಷಯ ಗೊತ್ತಿತ್ತು. ತುಂಬಿದ ಥಿಯೇಟರ್‌ನಲ್ಲಿ ಯಾರೋ ಕಿರುಚ್ತಾರೆ, ಯಾರೋ ನಗ್ತಾರೆ, ಭಯ ಹಂಚಿಹೋಗತ್ತೆ. ಜನರನ್ನ ತೆಗೆದರೆ ಸಾಮಾನ್ಯ ಥಿಯೇಟರೇ ಪಾಳುಬಂಗಲೆ.

ಎರಡನೇದು, ಬಾಗಿಲು. ನಾನು ಇಷ್ಟೆಲ್ಲ ಹೇಳಿದ್ದು ಇದಕ್ಕೇ. ನಾವು ಭಯವನ್ನ ಸವಿಯೋದು ಎದ್ದು ಹೋಗಬಹುದು ಅನ್ನುವ ಧೈರ್ಯದ ಮೇಲೆ. ಥಿಯೇಟರ್‌ನ ಕತ್ತಲಲ್ಲಿ ಒಂದು ದೀಪ ಮಾತ್ರ ಆರಲ್ಲ, ಬಾಗಿಲ ಮೇಲಿನ 'ನಿರ್ಗಮನ'. ಅದು ಕಣ್ಣಿಗೆ ಬೀಳದೇ ಇರಬಹುದು, ಕಾಲಿಗೆ ಗೊತ್ತಿರತ್ತೆ. 2004ರಲ್ಲಿ ಪ್ಯಾರಿಸ್ ಪೊಲೀಸರಿಗೆ ನೆಲದಡಿಯ ಹಳೇ ಸುರಂಗಗಳಲ್ಲಿ ಒಂದು ಗುಟ್ಟಿನ ಸಿನಿಮಾ ಮಂದಿರವೇ ಸಿಕ್ಕಿತ್ತು. ಪರದೆ, ಬಂಡೆ ಕೊರೆದು ಮಾಡಿದ ಆಸನ, ಕರೆಂಟ್, ಪಕ್ಕದಲ್ಲಿ ಬಾರ್! ಹತ್ತಿರ ಬಂದವರನ್ನ ಓಡಿಸೋಕೆ ನಾಯಿ ಬೊಗಳುವ ಟೇಪು. ಮೂರು ದಿನ ಬಿಟ್ಟು ಪೊಲೀಸರು ಮತ್ತೆ ಹೋದರೆ ವೈರ್‌ಗಳನ್ನ ಕತ್ತರಿಸಿ, 'ನಮ್ಮನ್ನ ಹುಡುಕಬೇಡಿ' ಅಂತ ಚೀಟಿ ಬರೆದಿಟ್ಟು ಹೋಗಿದ್ದರು. ಕೇಳೋಕೆ ರೋಮಾಂಚನ. ಆದರೆ ಅಲ್ಲಿ ಒಂದು ವೈರ್ ಹೊತ್ತಿಕೊಂಡಿದ್ದರೆ? ಮೇಲೆ ಯಾರಿಗೂ ವಿಳಾಸವೇ ಗೊತ್ತಿಲ್ಲ.

1997ರ ಜೂನ್ 13. ದೆಹಲಿಯ ಉಪಹಾರ್ ಥಿಯೇಟರ್. ನಡೀತಿದ್ದದ್ದು ದೆವ್ವದ ಸಿನಿಮಾ ಅಲ್ಲ, 'ಬಾರ್ಡರ್'. ಕೆಳಗಿನ ಟ್ರಾನ್ಸ್‌ಫಾರ್ಮರ್‌ಗೆ ಬೆಂಕಿ ಬಿತ್ತು, ಹೊಗೆ ಬಾಲ್ಕನಿಗೆ ಏರಿತು. ಅಲ್ಲಿ ಹೆಚ್ಚುವರಿ ಸೀಟು ಹಾಕಿ ದಾರಿ ಮುಚ್ಚಿದ್ದರು. 59 ಜನ ಸತ್ತರು, ಹೆಚ್ಚಿನವರು ಉಸಿರುಕಟ್ಟಿ. 1981ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ವೀನಸ್ ಸರ್ಕಸ್ ಟೆಂಟಿಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜೀವ ಹೋಯ್ತು, ಬಹಳಷ್ಟು ಮಕ್ಕಳು. ಸಿನಿಮಾ ಪ್ರದರ್ಶನಕ್ಕೆ ಲೈಸೆನ್ಸ್ ಬೇಕು ಅಂತ 1964ರ ಕರ್ನಾಟಕದ ಕಾಯ್ದೆ ಹೇಳತ್ತಲ್ಲ, ಅದು ಬರೀ ಕಾಗದದ ಕಿರಿಕಿರಿ ಅಂತ ತಿಳಿದವರು ಈ ಎರಡು ತಾರೀಖನ್ನ ನೆನಪಿಡಲಿ.

ಕೆಲವು ತಿಂಗಳ ಹಿಂದೆ ನಾಲ್ಕು ಜನ ಹುಡುಗರು ಆಫೀಸಿಗೆ ಬಂದಿದ್ದರು. ಮುಚ್ಚಿಹೋದ ಒಂದು ಅಕ್ಕಿ ಗಿರಣಿಯಲ್ಲಿ ರಾತ್ರಿಯಿಡೀ ಹಾರರ್ ಸಿನಿಮಾ ಹಾಕ್ತೀವಿ, ಉದ್ಘಾಟನೆಗೆ ಬರಬೇಕು ಸಾರ್ ಅಂದರು. ಫೋಟೋ ತೋರಿಸಿದರು. ಜೇಡರ ಬಲೆ, ತುಕ್ಕು ಹಿಡಿದ ಯಂತ್ರ, ಎತ್ತರದ ಸೂರು. ಜಾಗ ಅದ್ಭುತವಾಗಿತ್ತು, ಸುಳ್ಳು ಹೇಳಲ್ಲ.

"ಎಷ್ಟು ಜನ ಬರ್ತಾರಪ್ಪ?" ಅಂದೆ.

"ಇನ್ನೂರು ಸಾರ್."

"ಬಾಗಿಲೆಷ್ಟು?"

ಮುಖಮುಖ ನೋಡ್ಕೊಂಡರು. "ಒಂದೇ ಸಾರ್. ಒಂದೇ ಇದ್ರೇನೇ ಎಫೆಕ್ಟು."

ಹಿಂದುಗಡೆ ಲಾರಿಗೆ ಮೂಟೆ ತುಂಬುವ ಶಟರ್ ಇರಬೇಕು, ಗಿರಣಿ ಅಂದಮೇಲೆ ಇದ್ದೇ ಇರತ್ತೆ, ಅದನ್ನ ತೆಗೆಸಿ, ಫೈರ್‌ನವರಿಗೂ ಪೊಲೀಸರಿಗೂ ಅರ್ಜಿ ಕೊಡಿ, ಆಮೇಲೆ ಬನ್ನಿ ಅಂದೆ. ಮೊನ್ನೆ ಅವರಲ್ಲೊಬ್ಬ ಫೋನ್ ಮಾಡಿದ್ದ. ಶಟರ್ ಇದೆಯಂತೆ. ಹದಿನೈದು ವರ್ಷದಿಂದ ತೆಗೆದಿಲ್ಲ, ಕೆಳಗೆ ಪೂರ್ತಿ ತುಕ್ಕು ಹಿಡಿದು ಕಚ್ಚಿಕೊಂಡಿದೆಯಂತೆ. ವೆಲ್ಡಿಂಗ್‌ನವನು ಸೋಮವಾರ ಬರ್ತಾನೆ, ಅಲ್ಲಿವರೆಗೂ ಟಿಕೆಟ್ ಬಿಡಲ್ಲ ಸಾರ್ ಅಂದ.