ಬಿಯರಿನ ರುಚಿಭೇದ: ನಾಲಿಗೆಯ ಸಾಕ್ಷ್ಯವೂ ಹೆಸರಿನ ಪ್ರಭಾವವೂ

ಇಂದ್ರಿಯಾನುಭವವನ್ನು ಅಳೆಯಲು ಹೊರಟಾಗ ಮನಶ್ಶಾಸ್ತ್ರಕ್ಕೆ ಎದುರಾಗುವ ತೊಡಕುಗಳೆಲ್ಲ ಒಂದೆಡೆ ಕಾಣಸಿಗುವ ವಸ್ತುಗಳು ಬಹಳವಿಲ್ಲ. ಅಂಥವುಗಳಲ್ಲಿ ಬಿಯರ್ ಒಂದು. ಅದನ್ನು ಕುಡಿಯುವ ದೇಶಗಳಲ್ಲಿ ಒಬ್ಬೊಬ್ಬನಿಗೂ ತನ್ನದೆಂಬ ಒಂದು ಬಿಯರ್ ಇರುತ್ತದೆ. ಏಕೆ ಅದೇ ಬೇಕೆಂದು ಕೇಳಿದರೆ ಅದರ ರುಚಿಯೇ ಬೇರೆ ಎಂಬ ಉತ್ತರ ಬರುತ್ತದೆ. ಈ ಉತ್ತರದಲ್ಲಿ ಲೋಟದೊಳಗಿನ ದ್ರವದ ಪಾಲೆಷ್ಟು, ಸೀಸೆಯ ಮೇಲಿನ ಹೆಸರಿನ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ನೋಡಬಹುದೆ? ಇದೇ ಈ ಲೇಖನದ ವಿಷಯ. ಮದ್ಯಪಾನದ ಗುಣದೋಷ ವಿವೇಚನೆಯನ್ನು ನಾವಿಲ್ಲಿ ಕೈಗೊಂಡಿಲ್ಲ. ಬಿಯರನ್ನು ಎಂದೂ ಮುಟ್ಟದ ಓದುಗರಿಗೂ ಇಲ್ಲಿಯ ವಿಚಾರ ಕಾಫಿ, ಚಹ, ಮಾವಿನಹಣ್ಣುಗಳ ವಿಷಯದಲ್ಲಿ ಅಷ್ಟೇ ಸಲ್ಲುವುದು.

ಮೊದಲು ದ್ರವದ ಮಾತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಪ್ ಎಂಬ ಬಳ್ಳಿಯ ಹೂ, ನೀರು, ಯೀಸ್ಟ್ ಎಂಬ ಏಕಕೋಶಜೀವಿ, ಈ ನಾಲ್ಕರಿಂದ ಬಿಯರ್ ಆಗುತ್ತದೆ. ಮೊಳಕೆಯ ಕಾಳನ್ನು ಎಷ್ಟು ಕಾಯಿಸಿದರೆಂಬುದರ ಮೇಲೆ ಬಣ್ಣವೂ ಹುರಿದ ವಾಸನೆಯೂ ನಿಲ್ಲುತ್ತವೆ. ಹಾಪ್ ಹೂವಿನಲ್ಲಿರುವ ಕೆಲವು ಆಮ್ಲಗಳು ಕುದಿಯುವಾಗ ರೂಪಾಂತರ ಹೊಂದಿ ಕಹಿಯನ್ನು ಕೊಡುತ್ತವೆ. ಈ ಕಹಿಗೆ ಒಂದು ಮಾನವಿದೆ. ಸ್ಥೂಲವಾಗಿ ಹೇಳುವುದಾದರೆ, ಲೀಟರಿಗೆ ಒಂದು ಮಿಲಿಗ್ರಾಂ ರೂಪಾಂತರಿತ ಆಮ್ಲವಿದ್ದರೆ ಅದು ಒಂದು ಮಾನ. ಅಮೆರಿಕದ ತೆಳು ಬಿಯರುಗಳಲ್ಲಿ ಇದು ಹತ್ತರ ಆಸುಪಾಸಿನಲ್ಲಿದ್ದರೆ ಪಿಲ್ಸೆನ್ನಿನ ಮೂಲ ಬಿಯರಿನಲ್ಲಿ ಸುಮಾರು ನಲವತ್ತು. ನಾಲ್ಕು ಪಟ್ಟು ಅಂತರವನ್ನು ಯಾವ ನಾಲಿಗೆಯೂ ಗುರುತಿಸದೆ ಇರದು.

ಪಿಲ್ಸೆನ್ ಬೊಹೀಮಿಯದ ಪಟ್ಟಣ. ಊರಿನ ಬಿಯರು ಕೆಟ್ಟು ಬೇಸತ್ತ ಪೌರರು ತಾವೇ ಒಂದು ಭಟ್ಟಿಯನ್ನು ಕಟ್ಟಿಸಿ, ಬವೇರಿಯದಿಂದ ಯೋಸೆಫ್ ಗ್ರೋಲ್ ಎಂಬವನನ್ನು ಕರೆಸಿದರು. 1842ರಲ್ಲಿ ಅವನು ತಯಾರಿಸಿದ ಹೊಂಬಣ್ಣದ ತಿಳಿಬಿಯರು ಇಂದು ಜಗತ್ತಿನಲ್ಲಿ ಮಾರಾಟವಾಗುವ ಬಹುಪಾಲು ಬಿಯರುಗಳ ಮೂಲಮಾದರಿ. ಅಲ್ಲಿಯ ನೀರಿನಲ್ಲಿ ಲವಣಾಂಶ ಬಹಳ ಕಡಮೆ. ಆದುದರಿಂದ ಅಷ್ಟೊಂದು ಹಾಪ್ ಹಾಕಿದರೂ ಕಹಿ ಒರಟಾಗದೆ ನುಣುಪಾಗಿ ಉಳಿಯುತ್ತದೆ. ಇಂಗ್ಲೆಂಡಿನ ಬರ್ಟನ್ ಪಟ್ಟಣದ ಬಾವಿಗಳ ನೀರು ಇದಕ್ಕೆ ನೇರ ವಿರುದ್ಧ. ಜಿಪ್ಸಮ್ ಪದರಗಳ ಮೂಲಕ ಹಾದುಬರುವ ಆ ನೀರಿನಲ್ಲಿ ಲೀಟರಿಗೆ ಅನೇಕ ನೂರು ಮಿಲಿಗ್ರಾಂ ಸಲ್ಫೇಟ್ ಇರುತ್ತದೆ. ಅದರಿಂದ ಕಹಿ ಒಣಗಿದಂತೆ, ಹರಿತವಾಗಿ ನಾಲಿಗೆಗೆ ತಾಗುತ್ತದೆ. 1820ರ ದಶಕದಿಂದ ಬರ್ಟನ್ನಿನವರು ಭಾರತದಲ್ಲಿದ್ದ ಆಂಗ್ಲರಿಗಾಗಿ ಹಡಗಿನಲ್ಲಿ ಕಳುಹಿಸುತ್ತಿದ್ದ ಬಿಯರು ಈ ಜಾತಿಯದು. 'ಇಂಡಿಯಾ ಪೇಲ್ ಏಲ್' ಎಂಬ ಹೆಸರಿನಲ್ಲಿ ನಮ್ಮ ದೇಶದ ನೆನಪು ಇಂದಿಗೂ ಉಳಿದಿರುವುದು ಹೀಗೆ. ಡಬ್ಲಿನ್ನಿನ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚು; ಅದು ಕ್ಷಾರೀಯ. ಕಪ್ಪಾಗುವಂತೆ ಹುರಿದ ಧಾನ್ಯ ಹುಳಿಗುಣದ್ದಾಗಿ ಆ ಕ್ಷಾರವನ್ನು ಸರಿದೂಗಿಸುವುದರಿಂದ ಅಲ್ಲಿ ಕಪ್ಪು ಸ್ಟೌಟ್ ಚೆನ್ನಾಗಿ ಬಂದಿತು. ಒಂದೂರಿನ ಬಿಯರು ಮತ್ತೊಂದೂರಿನದರಂತೆ ಏಕಿಲ್ಲವೆಂಬುದಕ್ಕೆ ಬಾವಿಯ ನೀರೇ ಅರ್ಧ ಉತ್ತರವಾಗಿರುವುದನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು.

ಉಳಿದರ್ಧ ಉತ್ತರ ಯೀಸ್ಟಿನಲ್ಲಿದೆ. ಬವೇರಿಯದ ಗೋಧಿ ಬಿಯರನ್ನು ಮೂಸಿದರೆ ಬಾಳೆಹಣ್ಣಿನ ಮತ್ತು ಲವಂಗದ ವಾಸನೆ ಸ್ಪಷ್ಟವಾಗಿ ಬರುತ್ತದೆ. ಅದಕ್ಕೆ ಬಾಳೆಯನ್ನಾಗಲಿ ಲವಂಗವನ್ನಾಗಲಿ ಯಾರೂ ಹಾಕಿರುವುದಿಲ್ಲ. ಆ ಯೀಸ್ಟು ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರನ್ನೂ ವಿನೈಲ್ ಗ್ವಾಯಕಾಲ್ ಎಂಬ ಫೀನಾಲನ್ನೂ ತಾನೇ ಉತ್ಪಾದಿಸುತ್ತದೆ. ಮೊದಲನೆಯದು ಮಾಗಿದ ಬಾಳೆಹಣ್ಣಿನಲ್ಲೂ ಇರುವ ವಸ್ತು, ಎರಡನೆಯದು ಲವಂಗದ ಯೂಜಿನಾಲಿಗೆ ಹತ್ತಿರದ ನಂಟು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ 1883ರಲ್ಲಿ ಒಂದೇ ಕೋಶದಿಂದ ಬೆಳೆಸಿದ ಶುದ್ಧ ಯೀಸ್ಟನ್ನು ಬಳಕೆಗೆ ತಂದ ಬಳಿಕ ಬಿಯರು ಪ್ರತಿ ಸಲವೂ ಒಂದೇ ರುಚಿಯಲ್ಲಿ ಬರುವಂತಾಯಿತು. ಬ್ರಸೆಲ್ಸ್ ನಗರದ ಸುತ್ತಣ ಲ್ಯಾಂಬಿಕ್ ಬಿಯರು ಮಾತ್ರ ಈ ಶಿಸ್ತಿಗೆ ಒಳಪಡಲಿಲ್ಲ. ನಮ್ಮ ದೋಸೆಯ ಹಿಟ್ಟಿನಂತೆ ಅದು ಯಾರೂ ಹೆಪ್ಪು ಹಾಕದೆ ತಾನಾಗಿ ಹುದುಗುತ್ತದೆ, ಹುಳಿಯಾಗಿರುತ್ತದೆ, ಅದರ ವಾಸನೆಯನ್ನು ಬಲ್ಲವರು ಕುದುರೆಯ ಮೈಮೇಲಿನ ಕಂಬಳಿಗೆ ಹೋಲಿಸುವುದುಂಟು, ಅದೂ ಮೆಚ್ಚುಗೆಯ ಮಾತಾಗಿ.

ಈ ಜಾತಿಭೇದಗಳು ವಾಸ್ತವವಾದುವು, ಲೋಟದಲ್ಲಿರುವಂಥವು. ಅವನ್ನು ಗ್ರಹಿಸುವ ಬಾಯಿಯ ವಿಷಯದಲ್ಲಿ ಎರಡು ಮಾತು ಹೇಳಬೇಕು. ನಾಲಿಗೆಯ ತುದಿಗೆ ಸಿಹಿ, ಬುಡಕ್ಕೆ ಕಹಿ ಎಂದು ಹಂಚಿಕೊಟ್ಟ ಚಿತ್ರ ಅನೇಕ ಪಠ್ಯಪುಸ್ತಕಗಳಲ್ಲಿ ಅಚ್ಚಾಗಿದೆ. 1901ರ ಒಂದು ಜರ್ಮನ್ ಪ್ರಬಂಧವನ್ನು ತಪ್ಪಾಗಿ ಅರ್ಥೈಸಿದುದರಿಂದ ಹುಟ್ಟಿದ ಚಿತ್ರವದು. ರುಚಿಮೊಗ್ಗುಗಳಿರುವ ಎಡೆಯಲ್ಲೆಲ್ಲ ಎಲ್ಲ ರುಚಿಗಳೂ ತಿಳಿಯುತ್ತವೆ. ಎರಡನೆಯದಾಗಿ, ನಾವು ರುಚಿಯೆನ್ನುವುದರ ಬಹುಭಾಗ ವಾಸನೆ. ನುಂಗುವಾಗ ಆವಿಯು ಗಂಟಲ ಹಿಂಬದಿಯಿಂದ ಮೂಗಿಗೆ ಏರುತ್ತದೆ. ಮೂಗನ್ನು ಹಿಡಿದುಕೊಂಡು ಕುಡಿದರೆ ಗೋಧಿ ಬಿಯರಿನ ಬಾಳೆ, ಲವಂಗಗಳೆರಡೂ ಮಾಯವಾಗಿ ನಸುಹುಳಿ, ನಸುಸಿಹಿಗಳಷ್ಟೇ ಉಳಿಯುವುವು. ಹಿಮದಷ್ಟು ತಣ್ಣಗೆ ಮಾಡಿ ಕುಡಿದರೂ ಬಹುಮಟ್ಟಿಗೆ ಹೀಗೆಯೇ, ಏಕೆಂದರೆ ಶೈತ್ಯದಲ್ಲಿ ಆವಿ ಏಳುವುದಿಲ್ಲ. ಜಾಹೀರಾತುಗಳು ಅತಿ ತಣ್ಣನೆಯ ಬಿಯರನ್ನೇ ಹೊಗಳುವುದನ್ನು ನೋಡಿದರೆ, ರುಚಿಯನ್ನು ಮರೆಸುವುದರಲ್ಲಿ ಯಾರಿಗೋ ಲಾಭವಿರಬೇಕೆಂದು ನಮಗೆ ತೋರುತ್ತದೆ. ಬಿಯರಿನ ಚುರುಕು ಇಂಗಾಲಾಮ್ಲದಿಂದ ಬರುತ್ತದೆ. 1959ರಿಂದ ಗಿನ್ನೆಸ್ ಸಂಸ್ಥೆಯವರು ಪೀಪಾಯಿಯ ಸ್ಟೌಟಿಗೆ ಸಾರಜನಕವನ್ನು ಸೇರಿಸಿ ಕೆನೆಯಂಥ ಸಣ್ಣ ನೊರೆಯನ್ನೂ ಮೆತ್ತನೆಯ ಸ್ಪರ್ಶವನ್ನೂ ತಂದುಕೊಂಡದ್ದು ಈ ಚುರುಕನ್ನು ತಗ್ಗಿಸಿಯೇ.

ರುಚಿಯನ್ನು ಹೇಳಲು ಮಾತು ಬೇಕು. ಡೆನ್ಮಾರ್ಕಿನ ರಸಾಯನಶಾಸ್ತ್ರಜ್ಞ ಮಾರ್ಟನ್ ಮೈಲ್‌ಗಾರ್ಡ್ ಮತ್ತು ಸಂಗಡಿಗರು 1979ರಲ್ಲಿ ಬಿಯರಿನ ರುಚಿವಾಸನೆಗಳನ್ನು 14 ವರ್ಗಗಳಲ್ಲಿ 122 ಬಗೆಗಳಾಗಿ ಹೆಸರಿಸಿ ಚಕ್ರಾಕಾರದಲ್ಲಿ ಬರೆದಿಟ್ಟರು. ಹಳತಾದ ಬಿಯರಿಗೆ ರಟ್ಟಿನ ವಾಸನೆ, ಡೈಅಸಿಟೈಲ್ ಉಳಿದುಹೋದರೆ ಬೆಣ್ಣೆಯ ವಾಸನೆ, ಬಿಸಿಲಿಗಿಟ್ಟ ಸೀಸೆಗೆ ಸ್ಕಂಕ್ ಎಂಬ ಪ್ರಾಣಿಯ ದುರ್ಗಂಧ, ಹೀಗೆ ಒಂದೊಂದು ದೋಷಕ್ಕೂ ಒಂದೊಂದು ಗುರುತು. ಕೊನೆಯದಕ್ಕೆ ಕಾರಣವಾದ ಗಂಧಕದ ಸಂಯುಕ್ತವು ಲೀಟರಿನಲ್ಲಿ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸಿಕ್ಕಿಬೀಳುತ್ತದೆ. ಸೀಸೆಗಳು ಕಂದುಬಣ್ಣದವಾಗಿರುವುದು ಇದಕ್ಕಾಗಿಯೇ ಹೊರತು ಅಂದಕ್ಕಾಗಿ ಅಲ್ಲ. ಅಂದ ಹಾಗೆ, ಈ ಚಕ್ರವನ್ನು ಕನ್ನಡಕ್ಕೆ ತರುವುದಾದರೆ ಒಂದು ಸೌಕರ್ಯವುಂಟು: ಕಹಿಯನ್ನೂ ಒಗರನ್ನೂ ನಾವು ಎಂದೂ ಗೊಂದಲ ಮಾಡುವುದಿಲ್ಲ. ಅಡಕೆ, ಎಳೆ ಬಾಳೆಕಾಯಿ, ನೇರಳೆಹಣ್ಣುಗಳನ್ನು ಬಲ್ಲ ಬಾಯಿಗೆ ಅವು ಬೇರೆ ಬೇರೆ. ನಮ್ಮ ಷಡ್ರಸಗಳ ಪಟ್ಟಿಯಲ್ಲಿಯೂ ತಿಕ್ತ, ಕಷಾಯಗಳಿಗೆ ಪ್ರತ್ಯೇಕ ಸ್ಥಾನವಿದೆ. ಇಂಗ್ಲಿಷ್ ಮಾತನಾಡುವ ಸಾಮಾನ್ಯರು ಮಾತ್ರ ಎರಡನ್ನೂ ಒಂದೇ ಪದದಲ್ಲಿ ಹೇಳಿಬಿಡುವುದುಂಟು.

ಈಗ ಮೆಚ್ಚುಗೆಯ ಪ್ರಶ್ನೆಗೆ ಬರೋಣ. ಪಿಲ್ಸೆನ್ನಿನ ಬಿಯರಿಗೂ ಸ್ಟೌಟಿಗೂ ಇರುವ ಭೇದವನ್ನು ಯಾರೂ ಅಲ್ಲಗಳೆಯರು. ಆದರೆ ಜನರ ಅಭಿಮಾನ ನೆಲೆಸಿರುವುದು ಬಹುಮಟ್ಟಿಗೆ ಒಂದೇ ಜಾತಿಯ, ಒಂದೇ ಬೆಲೆಯ ತಿಳಿಬಿಯರುಗಳ ನಡುವೆ. ಅಲ್ಲಿ ನಾಲಿಗೆ ಏನು ಹೇಳುತ್ತದೆ? 1964ರಲ್ಲಿ ಆಲಿಸನ್ ಮತ್ತು ಊಲ್ ಎಂಬ ಅಮೆರಿಕದ ಸಂಶೋಧಕರು ಪ್ರಕಟಿಸಿದ ಪರೀಕ್ಷೆ ಇಂದಿಗೂ ಓದತಕ್ಕದ್ದಾಗಿದೆ. ಬಿಯರ್ ಕುಡಿಯುವ ಅಭ್ಯಾಸವಿದ್ದ ಮುನ್ನೂರಕ್ಕೂ ಹೆಚ್ಚು ಮಂದಿಗೆ ಮೊದಲು ಹೆಸರುಚೀಟಿ ಕಿತ್ತ ಸೀಸೆಗಳನ್ನೂ ಅನಂತರ ಚೀಟಿಯಿದ್ದ ಸೀಸೆಗಳನ್ನೂ ಕೊಟ್ಟು ಅಂಕ ಹಾಕಲು ಕೇಳಿದರು. ಹೆಸರು ತಿಳಿಯದಾಗ ಬಿಯರುಗಳ ನಡುವೆ ಹೆಚ್ಚಿನ ಅಂತರ ಕಾಣಲಿಲ್ಲ; ತಾವು ದಿನವೂ ಕುಡಿಯುವುದಕ್ಕೂ ಅವರು ವಿಶೇಷ ಅಂಕವನ್ನೇನೂ ಕೊಡಲಿಲ್ಲ. ಹೆಸರು ಕಂಡೊಡನೆ ತಮ್ಮ ತಮ್ಮ ಬಿಯರು ಸ್ಪಷ್ಟವಾಗಿ ಮೇಲೇರಿತು.

ಇದನ್ನು ಓದಿದವರು, ಹಾಗಾದರೆ ಮೆಚ್ಚುಗೆಯೆಲ್ಲ ಬರಿಯ ಬೂಟಾಟಿಕೆಯೆಂದು ತೀರ್ಮಾನಿಸುವುದುಂಟು. ಅದು ಅವಸರದ ತೀರ್ಮಾನ. ಹೆಸರು ತಿಳಿದವನು ಅನುಭವವೊಂದು, ಮಾತೊಂದು ಎಂಬಂತೆ ನಡೆದುಕೊಂಡನೋ, ಇಲ್ಲವೆ ಅವನ ಅನುಭವವೇ ಬದಲಾಯಿತೋ ಎಂಬುದು ಆ ಪರೀಕ್ಷೆಯಿಂದ ಹೊರಪಡುವುದಿಲ್ಲ. 2006ರಲ್ಲಿ ಲೀ, ಫ್ರೆಡರಿಕ್, ಏರಿಯಲಿ ಎಂಬ ಮೂವರು ಇದನ್ನು ಜಾಣ್ಮೆಯಿಂದ ಬಿಡಿಸಿದರು. ಬಿಯರಿಗೆ ಕೆಲವು ಹನಿ ದ್ರಾಕ್ಷಿಯ ವಿನಿಗರನ್ನು ಬೆರೆಸಿ, ಬೆರಸದ ಬಿಯರಿನೊಂದಿಗೆ ಅದನ್ನು ಕೊಟ್ಟರು. ಏನನ್ನೂ ಹೇಳದಿದ್ದಾಗ ಅರ್ಧಕ್ಕಿಂತ ಹೆಚ್ಚು ಮಂದಿ ವಿನಿಗರಿನದನ್ನೇ ಮೆಚ್ಚಿದರು. ಕುಡಿಯುವ ಮೊದಲೇ ಗುಟ್ಟು ತಿಳಿಸಿದ ಗುಂಪಿನಲ್ಲಿ ಅದನ್ನು ಮೆಚ್ಚಿದವರು ಬಹಳ ಕಡಮೆ. ಕುಡಿದ ಮೇಲೆ, ಆದರೆ ಅಭಿಪ್ರಾಯ ಕೇಳುವ ಮೊದಲು ತಿಳಿಸಿದ ಗುಂಪಿನಲ್ಲಾದರೋ ಮೆಚ್ಚುಗೆ ಹೆಚ್ಚೇನೂ ಇಳಿಯಲಿಲ್ಲ. ಜನರು ಕೇವಲ ನಾಚಿಕೆಯಿಂದ ಮಾತು ಬದಲಿಸುವವರಾಗಿದ್ದರೆ ಈ ಎರಡು ಗುಂಪುಗಳೂ ಒಂದೇ ತೆರನಾಗಿ ಉತ್ತರಿಸಬೇಕಾಗಿತ್ತು. ಆದಕಾರಣ ಮೊದಲೇ ಬಂದ ತಿಳಿವಳಿಕೆಯು ರುಚಿಯೊಳಕ್ಕೇ ಇಳಿಯುತ್ತದೆ, ಅನುಭವವನ್ನೇ ರೂಪಿಸುತ್ತದೆ ಎನ್ನಬೇಕಾಗುತ್ತದೆ. ಹೆಸರನ್ನು ನೋಡಿ ಮೆಚ್ಚಿದವನು ಸುಳ್ಳಾಡುತ್ತಿಲ್ಲ. ಅವನಿಗೆ ನಿಜವಾಗಿಯೂ ಹಾಗೆಯೇ ರುಚಿಸಿರುತ್ತದೆ.

ಮೆಚ್ಚುಗೆಯನ್ನು ಬದಿಗಿಟ್ಟು, ಎರಡು ಬಿಯರುಗಳ ಭೇದ ತಿಳಿಯುತ್ತದೆಯೇ ಎಂಬುದನ್ನಷ್ಟೇ ಕೇಳಲು ತ್ರಿಕೋಣ ಪರೀಕ್ಷೆಯಿದೆ. ಇದು 1940ರ ದಶಕದಲ್ಲಿ ಕಾರ್ಲ್ಸ್‌ಬರ್ಗಿನಲ್ಲಿ ರೂಢಿಗೆ ಬಂದಿತು. ಬಿಯರ್ ಭಟ್ಟಿಗಳಿಗೂ ಸಂಖ್ಯಾಶಾಸ್ತ್ರಕ್ಕೂ ನಂಟು ಹಳೆಯದು. 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ 1908ರಲ್ಲಿ ಸಣ್ಣ ಮಾದರಿಗಳ ಸಿದ್ಧಾಂತವನ್ನು ಪ್ರಕಟಿಸಿದ ವಿಲಿಯಂ ಸೀಲಿ ಗಾಸೆಟ್ ಡಬ್ಲಿನ್ನಿನ ಗಿನ್ನೆಸ್ ಭಟ್ಟಿಯ ನೌಕರನಾಗಿದ್ದನು. ತ್ರಿಕೋಣ ಪರೀಕ್ಷೆಯಲ್ಲಿ ಮೂರು ಲೋಟಗಳನ್ನು ಕೊಡುತ್ತಾರೆ. ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಬೇರೆಯದು. ಬೇರೆಯದನ್ನು ತೋರಿಸಬೇಕು. ಏನೂ ತಿಳಿಯದೆ ಊಹಿಸಿದವನೂ ಮೂರರಲ್ಲಿ ಒಂದು ಸಲ ಸರಿಯಾಗುತ್ತಾನೆ. ಹನ್ನೆರಡು ಮಂದಿಯನ್ನು ಪರೀಕ್ಷಿಸಿದರೆ ಬರಿಯ ಊಹೆಯಿಂದ ಸರಾಸರಿ ನಾಲ್ವರು ಸರಿಯಾಗುವರು. ಊಹೆಯಿಂದಲೇ ಎಂಟು ಅಥವಾ ಹೆಚ್ಚು ಮಂದಿ ಸರಿಯಾಗುವ ಸಂಭವ ನೂರಕ್ಕೆ ಎರಡಕ್ಕಿಂತ ಕಡಮೆ. ಆದುದರಿಂದ ಎಂಟು ಬಂದರೆ ಭೇದವಿದೆಯೆಂದು ಒಪ್ಪುತ್ತಾರೆ.

ಇಲ್ಲಿ ನಮ್ಮ ವಿದ್ಯಾರ್ಥಿಗಳು ಮೇಲಿಂದ ಮೇಲೆ ಎಡವುವ ಒಂದು ಸ್ಥಳವಿದೆ. ಎಂಟು ಬಾರದಿದ್ದರೆ ಭೇದವಿಲ್ಲವೆಂದು ಬರೆದುಬಿಡುತ್ತಾರೆ. ಪ್ರತಿಯೊಬ್ಬನಿಗೂ ನಾಲ್ಕು ಸಲದಲ್ಲಿ ಒಂದು ಸಲ ಭೇದ ನಿಜವಾಗಿ ತಿಳಿಯುತ್ತದೆ, ಮಿಕ್ಕ ಮೂರು ಸಲ ಅವನು ಊಹಿಸುತ್ತಾನೆ ಎಂದಿಟ್ಟುಕೊಳ್ಳೋಣ. ಆಗ ಅವನು ಸರಿಯಾಗುವ ಸಂಭವ ಕಾಲು, ಅದರ ಮೇಲೆ ಮುಕ್ಕಾಲರ ಮೂರನೆಯ ಒಂದು, ಒಟ್ಟು ಅರ್ಧ. ಈ ಲೆಕ್ಕದಲ್ಲಿ ಹನ್ನೆರಡು ಮಂದಿಯಲ್ಲಿ ಎಂಟು ಅಥವಾ ಹೆಚ್ಚು ಬರುವುದು ನೂರು ಪರೀಕ್ಷೆಗಳಲ್ಲಿ ಸುಮಾರು ಹತ್ತೊಂಬತ್ತರಲ್ಲಿ ಮಾತ್ರ. ಎಂದರೆ, ಭೇದವು ಇದ್ದೂ ತಿಳಿಯುತ್ತಿದ್ದೂ ಐದರಲ್ಲಿ ನಾಲ್ಕು ಪರೀಕ್ಷೆಗಳು ಅದನ್ನು ಕಾಣಿಸದೆ ಹೋಗುವುವು. ಎಲ್ಲ ಬಿಯರೂ ಒಂದೇ ಎಂದು ಸಣ್ಣ ಪರೀಕ್ಷೆಗಳ ಬಲದಿಂದ ಸಾರುವವರ ಮಾತನ್ನು ಈ ಕಾರಣಕ್ಕಾಗಿ ನಾವು ಪೂರ್ತಿಯಾಗಿ ನಂಬುವುದಿಲ್ಲ.

ಕಾಲೇಜುಗಳಲ್ಲಿ ಇದನ್ನು ಕಾಫಿಯಿಂದ ಮಾಡಿಸಬಹುದು. ಚಿಕೋರಿ ಎಷ್ಟು ಬೆರೆತಿದೆಯೆಂಬುದು ತನಗೆ ಒಂದೇ ಗುಟುಕಿಗೆ ಗೊತ್ತಾಗುವುದೆಂದು ಹೇಳುವವರು ನಮ್ಮ ಪ್ರತಿ ಮನೆಯಲ್ಲಿಯೂ ಇರುತ್ತಾರೆ. ಬೇರೆ ಬೇರೆ ಪ್ರಮಾಣದಲ್ಲಿ ಚಿಕೋರಿ ಸೇರಿದ ಎರಡು ಪುಡಿಗಳಿಂದ ಡಿಕಾಕ್ಷನ್ ಇಳಿಸಿ, ಹಾಲು ಸಕ್ಕರೆಗಳನ್ನು ಅಳೆದು ಬೆರೆಸಿ, ಒಂದೇ ಬಿಸಿಯಲ್ಲಿ ಒಂದೇ ಬಗೆಯ ಲೋಟಗಳಲ್ಲಿ ಕೊಡಬೇಕು. ಬಣ್ಣ ಗುಟ್ಟನ್ನು ಬಿಟ್ಟುಕೊಡುವುದರಿಂದ ಕಣ್ಣಿಗೆ ಬಟ್ಟೆ ಕಟ್ಟುವುದು ಲೇಸು. ಹಿಂದಿನ ಗುಟುಕಿನ ಕಹಿ ಮುಂದಿನದರ ಮೇಲೆ ಉಳಿಯುವುದರಿಂದ ನಡುವೆ ಬಾಯಿ ಮುಕ್ಕಳಿಸಲು ನೀರಿರಬೇಕು. ಲೋಟಗಳನ್ನಿಡುವ ಆರು ಕ್ರಮಗಳನ್ನೂ ಸಮವಾಗಿ ಹಂಚಬೇಕು. ಕೊಡುವವನಿಗೂ ಯಾವುದು ಯಾವುದೆಂದು ತಿಳಿದಿರಬಾರದು. ಹನ್ನೆರಡರಲ್ಲಿ ಏಳು ಮಂದಿ ಸರಿ ಹೇಳಿದರೆ, ಊಹೆಯಿಂದಲೇ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಬರುವ ಸಂಭವ ನೂರಕ್ಕೆ ಆರೂವರೆಗಿಂತ ತುಸು ಹೆಚ್ಚು. ಆಗ ಯಾವ ತೀರ್ಪನ್ನೂ ಬರೆಯದೆ, ಮರುದಿನ ಇನ್ನಷ್ಟು ಮಂದಿಯನ್ನು ಕೂರಿಸಿ ಪರೀಕ್ಷೆಯನ್ನು ಮೊದಲಿನಿಂದ ನಡೆಸತಕ್ಕದ್ದು.