ಶಾಸನದ ಚಿತ್ರಕ್ಕೆ ಹಳೆಯ ಫ್ಲ್ಯಾಶ್

1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದೋನಿ ತಾಲ್ಲೂಕಿನ ಪೆದ್ದತುಂಬಳ ಮೊದಲಾದೆಡೆಗಳ ಕನ್ನಡ ಶಾಸನಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 9ನೆಯ ಸಂಪುಟದಲ್ಲಿ ಅಚ್ಚಾಗಿವೆ. ಮುದ್ರಿತ ಪಾಠವನ್ನು ಮೂಲದೊಡನೆ ಹೋಲಿಸುವ ವಿದ್ಯಾರ್ಥಿಗೆ ಸ್ಪಷ್ಟವಾದ ಛಾಯಾಚಿತ್ರ ಅಗತ್ಯ. ನೇರ ಬೆಳಕಿನಲ್ಲಿ ಸವೆದ ಅಕ್ಷರಗಳು ಕಲ್ಲಿನೊಡನೆ ಬೆರೆತುಹೋಗುತ್ತವೆ. ಪಕ್ಕದಿಂದ ಓರೆಯಾಗಿ ಬಿದ್ದ ಬೆಳಕಿನಲ್ಲಿ ಗೆರೆಗಳಲ್ಲಿ ನೆರಳು ನಿಂತು ಅಕ್ಷರಗಳು ಎದ್ದು ಕಾಣುತ್ತವೆ.

ಇದಕ್ಕೆ ರೀಲು ಕ್ಯಾಮೆರಾ ಕಾಲದ ಫ್ಲ್ಯಾಶ್ ಸಾಕು. ಆದರೆ ಪರೀಕ್ಷಿಸದೆ ಅದನ್ನು ಡಿಜಿಟಲ್ ಕ್ಯಾಮೆರಾಕ್ಕೆ ಜೋಡಿಸಬಾರದು. ಹಳೆಯ ಕ್ಯಾಮೆರಾಗಳಲ್ಲಿ ಎರಡು ಲೋಹದ ತುದಿಗಳು ಕೂಡಿದಾಗ ಫ್ಲ್ಯಾಶ್ ಬೆಳಗುತ್ತಿತ್ತು. ಅಲ್ಲಿ 200 ವೋಲ್ಟಿಗೂ ಮಿಕ್ಕಿದ್ದರೆ ಬಾಧೆಯಿರಲಿಲ್ಲ. ಇಂದು ಆ ಕೆಲಸ ಸೂಕ್ಷ್ಮ ಎಲೆಕ್ಟ್ರಾನಿಕ್ ಭಾಗಗಳದು. ಕೆಲವು ಕ್ಯಾಮೆರಾಗಳು 250 ವೋಲ್ಟನ್ನು ತಾಳಬಲ್ಲವು. ಕೆಲವಕ್ಕೆ 6 ವೋಲ್ಟೇ ಮಿತಿ.

ಆದ್ದರಿಂದ ಮೊದಲು ಕ್ಯಾಮೆರಾದ ಕೈಪಿಡಿಯಲ್ಲಿ ಮಿತಿಯನ್ನು ನೋಡಬೇಕು. ಬಳಿಕ ಫ್ಲ್ಯಾಶಿನ ಸೂಚಕದೀಪ ಬೆಳಗಿದಾಗ, ಅದರ ಬುಡದ ನಡುಬಿಂದುವಿಗೂ ಅಂಚಿನ ಲೋಹಕ್ಕೂ ಮಲ್ಟಿಮೀಟರ್ ತಾಗಿಸಿ ಡಿ.ಸಿ. ವೋಲ್ಟೇಜನ್ನು ಅಳೆಯಬೇಕು. ಅದು ಮಿತಿಮೀರಿದ್ದರೆ ರೇಡಿಯೊ ಟ್ರಿಗರ್ ಲೇಸು. ಅದರ ರಿಸೀವರಿಗೂ ವೋಲ್ಟೇಜಿನ ಮಿತಿಯುಂಟೆಂಬುದನ್ನು ಮರೆಯಬಾರದು. ಫ್ಲ್ಯಾಶ್ ಕ್ಯಾಮೆರಾದಿಂದ ಬೇರ್ಪಡುವುದರಿಂದ ಓರೆಬೆಳಕೂ ಸುಲಭಸಾಧ್ಯ. ಫ್ಲ್ಯಾಶನ್ನು ಬಿಚ್ಚುವುದು ಮಾತ್ರ ಸಲ್ಲದು: ಬ್ಯಾಟರಿ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ.