ಕಣ್ಣಿನ ದಾರಿ, ಗುಂಡಿನ ದಾರಿ

ರೈಫಲ್ಲಿಗೆ ಹೊಸ ದುರ್ಬೀನು ಕೂರಿಸಿದ ಮೇಲೂ ಗುಂಡು ಹಾರಿಸಿ ‘ಝೀರೋ’ ಮಾಡಬೇಕು ಅನ್ನುತ್ತಾರಲ್ಲ, ಏಕೆ?
— ಎನ್‌ಸಿಸಿ ಕೆಡೆಟ್, ವಿದ್ಯಾಗಿರಿ, ಬಾಗಲಕೋಟೆ

ಕಣ್ಣಿನ ದಾರಿ ಬೇರೆ, ಗುಂಡಿನ ದಾರಿ ಬೇರೆ. ದುರ್ಬೀನು ನಳಿಗೆಗಿಂತ ನಾಲ್ಕೈದು ಸೆಂಟಿಮೀಟರ್ ಮೇಲೆ ಕೂತಿರುತ್ತದೆ. ಅದರ ನೋಟ ನೂಲು ಹಿಡಿದಷ್ಟು ನೇರ. ಗುಂಡು ಮಾತ್ರ ನಳಿಗೆ ಬಿಟ್ಟ ಕ್ಷಣದಿಂದಲೇ ನೆಲದತ್ತ ಬಾಗುತ್ತದೆ. .22 ರೈಫಲ್ಲಿನ ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೊರಟರೂ 50 ಮೀಟರ್ ಮುಟ್ಟುವಷ್ಟರಲ್ಲಿ ಅರ್ಧ ಗೇಣು ಇಳಿದಿರುತ್ತದೆ.

ಜೋಳದ ಹೊಲ ಕಾಯುವವರು ಕವಣೆ ಬೀಸುವುದನ್ನು ನೆನೆಯಿರಿ. ಕಣ್ಣು ಹಕ್ಕಿಯ ಮೇಲಿದ್ದರೂ ಕಲ್ಲನ್ನು ತುಸು ಮೇಲಕ್ಕೇ ಬಿಡುತ್ತಾರೆ. ಎಷ್ಟು ಮೇಲಕ್ಕೆ ಎಂಬುದನ್ನು ಹಿಂದಿನ ಕಲ್ಲು ಬಿದ್ದ ಜಾಗವೇ ಹೇಳುತ್ತದೆ. ಝೀರೋ ಮಾಡುವುದೂ, ಅಂದರೆ ಕಣ್ಣಿಟ್ಟ ಜಾಗಕ್ಕೇ ಗುಂಡು ಬೀಳುವಂತೆ ದುರ್ಬೀನನ್ನು ಹೊಂದಿಸುವುದೂ, ಹಾಗೆಯೇ.

ಜೋಡಣೆಯ ತಪ್ಪೂ ಸೇರಿಕೊಳ್ಳುತ್ತದೆ. ದುರ್ಬೀನನ್ನು ಹಿಡಿದಿರುವ ಎರಡು ಬಳೆಗಳ ನಡುವೆ 10 ಸೆಂಟಿಮೀಟರ್ ಅಂತರವಿದೆ ಅನ್ನಿ. ಒಂದು ಬಳೆ ಕೂದಲೆಳೆಯಷ್ಟು, ಅಂದರೆ 0.1 ಮಿಲಿಮೀಟರ್ ಎತ್ತರವಾದರೂ 50 ಮೀಟರ್ ದೂರದಲ್ಲಿ ಗುರಿ 5 ಸೆಂಟಿಮೀಟರ್ ತಪ್ಪುತ್ತದೆ! ಕೈಯಿಂದ ಬಿಗಿದ ಸ್ಕ್ರೂಗಳಿಂದ ಅಷ್ಟು ಕರಾರುವಾಕ್ಕು ಸಾಧ್ಯವೇ ಇಲ್ಲ.

ಆದ್ದರಿಂದ ಫೈರಿಂಗ್ ರೇಂಜಿನಲ್ಲಿ, ತರಬೇತುದಾರರ ಎದುರು, ರೈಫಲ್ಲನ್ನು ಮರಳಿನ ಚೀಲದ ಮೇಲೆ ಊರಿ ಒಂದೇ ಚುಕ್ಕಿಗೆ ಮೂರು ಗುಂಡು ಹೊಡೆಯುತ್ತಾರೆ. ಮೂರೂ ತೂತುಗಳ ನಟ್ಟನಡು ಚುಕ್ಕಿಯಿಂದ ಎಷ್ಟು ದೂರವಿದೆಯೋ ಅಷ್ಟಕ್ಕೆ ದುರ್ಬೀನಿನ ತಿರುಪು ತಿರುಗಿಸುತ್ತಾರೆ. ಹಲವು ದುರ್ಬೀನುಗಳಲ್ಲಿ ಒಂದು ‘ಟಿಕ್’ಗೆ 100 ಮೀಟರಿನಲ್ಲಿ ಸುಮಾರು 7 ಮಿಲಿಮೀಟರ್ ಸರಿಯುತ್ತದೆ; 50 ಮೀಟರಿನಲ್ಲಿ ಅದರರ್ಧ. ಮತ್ತೆ ಮೂರು ಗುಂಡು, ಮತ್ತೆ ತಿರುಪು.

ತೂತುಗಳು ಚದುರಿ ಬಿದ್ದರೆ ಮಾತ್ರ ತಿರುಪು ಮುಟ್ಟಬೇಡಿ. ಮೊದಲು ಸ್ಕ್ರೂ ನೋಡಿ, ಆಮೇಲೆ ನಿಮ್ಮ ಉಸಿರು. ದೂರ ಬದಲಾದರೆ, ಬೇರೆ ಬಗೆಯ ಗುಂಡು ಬಂದರೆ, ಹಳೆಯ ಝೀರೋ ನಡೆಯುವುದಿಲ್ಲ.